ಬಾಲವಿರುವ ನಿಜಗಳು

ದಿಲ್ಲಿಯ ಬಗ್ಗೆ ಜಗತ್ತಿನಾದ್ಯಂತ ಓಡಾಡುವ ಒಂದು ಕಥೆ ಇದೆ. ಬ್ರಿಟಿಷರ ಕಾಲ. ಊರ ತುಂಬ ನಾಗರಹಾವಿನ ಕಾಟ. ಸತ್ತ ಹಾವು ತಂದುಕೊಟ್ಟವರಿಗೆ ಇಷ್ಟು ದುಡ್ಡು ಎಂದು ಸರ್ಕಾರ ಡಂಗುರ ಹೊಡೆಸಿತು. ಜನ ಹಾವು ತಂದರು, ದುಡ್ಡು ಎಣಿಸಿಕೊಂಡರು, ಬೀದಿಯಲ್ಲಿ ಹಾವು ಕಡಿಮೆಯಾದವು. ಆದರೆ ಕಚೇರಿಗೆ ಬಂದು ಬೀಳುವ ಸತ್ತ ಹಾವಿನ ಲೆಕ್ಕ ಮಾತ್ರ ಏರುತ್ತಲೇ ಹೋಯಿತು. ವಿಚಾರಿಸಿ ನೋಡಿದರೆ ಜನ ಮನೆಯಲ್ಲೇ ಹಾವು ಸಾಕಿ ಮರಿ ಮಾಡಿಸುತ್ತಿದ್ದಾರೆ! ಸರ್ಕಾರ ಬಹುಮಾನ ನಿಲ್ಲಿಸಿತು. ಇನ್ನು ಇವುಗಳನ್ನು ಸಾಕಿ ಏನು ಪ್ರಯೋಜನ ಎಂದು ಜನ ಬುಟ್ಟಿಯ ಮುಚ್ಚಳ ತೆರೆದರು. ದಿಲ್ಲಿಯಲ್ಲಿ ಮೊದಲಿಗಿಂತ ಹೆಚ್ಚು ಹಾವಾಯಿತು.

ಇದಕ್ಕೆ 'ನಾಗರಹಾವಿನ ಪರಿಣಾಮ' ಎಂದು ನಾಮಕರಣ ಮಾಡಿದವರು ಜರ್ಮನಿಯ ಅರ್ಥಶಾಸ್ತ್ರಜ್ಞ ಹೋರ್ಸ್ಟ್ ಸೀಬರ್ಟ್. 2001ರಲ್ಲಿ ಬಂದ ಅವರ ಪುಸ್ತಕದ ಹೆಸರೇ ಅದು. ಒಳ್ಳೆಯ ಉದ್ದೇಶದ ಸರ್ಕಾರಿ ಯೋಜನೆಯೊಂದು ಹೇಗೆ ತಲೆಕೆಳಗಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುವುದು ಕಷ್ಟ. ಅಂದಿನಿಂದ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ, ಭಾಷಣಗಳಲ್ಲಿ, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ 'ನಿಮಗಿದು ಗೊತ್ತೆ?'ಗಳಲ್ಲಿ ದಿಲ್ಲಿಯ ನಾಗರ ಹೆಡೆ ಎತ್ತುತ್ತಲೇ ಇದೆ. ನಮ್ಮ ದಿಲ್ಲಿ ಕನ್ನಡಿಗರ ಗುಂಪುಗಳಲ್ಲೂ ಆಗಾಗ ಹರಿದು ಹೋಗುತ್ತದೆ.

ಆದರೆ ಇದು ನಡೆದದ್ದು ಯಾವ ವರ್ಷ? ಅಧಿಕಾರಿ ಯಾರು? ಹಾವಿಗೆ ಎಷ್ಟು ಕೊಡುತ್ತಿದ್ದರು? ಇದಕ್ಕೆ ಕಥೆ ಹೇಳುವ ಯಾರೂ ಉತ್ತರ ಕೊಡುವುದಿಲ್ಲ. ಬ್ರಿಟಿಷ್ ಸರ್ಕಾರವಾದರೋ ಕಡತವಿಲ್ಲದೆ ಕೆಮ್ಮುತ್ತಲೂ ಇರಲಿಲ್ಲ. ಹಾವು ಕಚ್ಚಿ ಸತ್ತವರ ಲೆಕ್ಕವನ್ನು ಪ್ರಾಂತವಾರು ವರ್ಷ ವರ್ಷವೂ ಅಚ್ಚು ಹಾಕಿಸುತ್ತಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಆ ಸಂಖ್ಯೆ 20,000ದ ಆಸುಪಾಸಿನಲ್ಲಿರುತ್ತಿತ್ತು. ಕೊಂದ ಹಾವುಗಳಿಗೆ ಹಲವು ಪ್ರಾಂತಗಳಲ್ಲಿ ಬಹುಮಾನ ಕೊಟ್ಟದ್ದೂ ನಿಜ. ವೈದ್ಯ ಜೋಸೆಫ್ ಫೇರರ್ 1872ರಲ್ಲಿ ಭಾರತದ ವಿಷಸರ್ಪಗಳ ಮೇಲೆ ಬಣ್ಣದ ಚಿತ್ರಗಳ ದೊಡ್ಡ ಗ್ರಂಥವನ್ನೇ ತಂದ. ಇಷ್ಟೆಲ್ಲ ದಾಖಲೆಯ ನಡುವೆ ದಿಲ್ಲಿಯ ಹಾವು ಸಾಕಣೆಗೆ, ಬುಟ್ಟಿ ತೆರೆದುಬಿಟ್ಟ ಆ ಮಹಾಪರ್ವಕ್ಕೆ ಮಾತ್ರ ಪುರಾವೆ ಎಂದು ಯಾರೂ ಒಂದು ಹಾಳೆ ಮುಂದಿಟ್ಟಿಲ್ಲ.

ಹಾವಿನ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು. ನಾಗರಹಾವು ವರ್ಷಕ್ಕೊಮ್ಮೆ ಮೊಟ್ಟೆ ಇಡುವ ಪ್ರಾಣಿ. ಮೊಟ್ಟೆ ಒಡೆಯಲು ಎರಡು ತಿಂಗಳ ಹತ್ತಿರ ಬೇಕು. ಮರಿಗೆ ಜೀವಂತ ಆಹಾರ ಹಿಡಿದು ತರಬೇಕು, ಅದೂ ಅದರ ಬಾಯಿಗೆ ಹಿಡಿಸುವಷ್ಟು ಸಣ್ಣದು. ಹುಟ್ಟಿದ ಗಳಿಗೆಯಿಂದಲೇ ಅದಕ್ಕೆ ವಿಷವಿರುತ್ತದೆ. ನಾಲ್ಕು ಕಾಸಿನ ಬಹುಮಾನಕ್ಕೆ ಇಷ್ಟು ಪಾಡುಪಡುವವನು ಅಷ್ಟೇ ಹೊತ್ತಿನಲ್ಲಿ ಯಮುನೆಯ ದಡದ ಪೊದೆ ಬಡಿದು ನಾಲ್ಕು ಹಾವು ಹಿಡಿಯುತ್ತಿದ್ದ.

ನನ್ನ ಅನುಮಾನ ಶುರುವಾಗುವುದು ಕಥೆಯ ಚೊಕ್ಕತನದಿಂದಲೇ. ಪಂಚತಂತ್ರದ ಪ್ರಾಣಿಗಳು ನೀತಿ ಹೇಳಲಿಕ್ಕೆಂದೇ ಹುಟ್ಟಿದವು. ಅವುಗಳಿಗೆ ಊರು, ತಾರೀಖು ಬೇಡ. ಇತಿಹಾಸವೆಂದು ಹೇಳಿಕೊಂಡು ಬರುವ ಕಥೆಯೂ ಅಷ್ಟೇ ಚೆಂದಾಗಿ ನೀತಿ ಹೇಳಿ ಮುಗಿದರೆ ತಾರೀಖು ಕೇಳಬೇಕು. ದಿಲ್ಲಿಯಲ್ಲಿ ನಿಜವಾಗಿ ನಡೆದ ಸಂಗತಿಗಳು ಇಷ್ಟು ನಯವಾಗಿರುವುದಿಲ್ಲ. ಅವುಗಳಿಗೆ ಒಂದು ಬಾಲ ಹೊರಗೆ ಉಳಿದೇ ಇರುತ್ತದೆ.

ಬಾಲದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಹಾವಿನ ಕಥೆಯ ಜಾತಿಯದೇ ಒಂದು ದಾಖಲಾದ ಘಟನೆ ಇದೆ. ನಡೆದದ್ದು ದಿಲ್ಲಿಯಲ್ಲಲ್ಲ, ವಿಯೆಟ್ನಾಮಿನ ಹನೋಯ್‌ನಲ್ಲಿ, 1902ರಲ್ಲಿ. ಫ್ರೆಂಚರು ತಮ್ಮ ಬಡಾವಣೆಗೆ ಹೊಸದಾಗಿ ಒಳಚರಂಡಿ ಮಾಡಿಸಿದರು. ಅದು ಇಲಿಗಳಿಗೆ ರಾಜಮಾರ್ಗವಾಯಿತು. ಪ್ಲೇಗಿನ ಭಯ ಬೇರೆ. ಇಲಿಯ ಬಾಲ ತಂದರೆ ಒಂದು ಸೆಂಟ್ ಎಂದರು. ಹೆಣ ತಂದು ರಾಶಿ ಹಾಕುವುದು ಬೇಡವೆಂದು ಬರೀ ಬಾಲ ಸಾಕು ಎಂದದ್ದು. ಬಾಲ ಬಂದವು, ಸಾವಿರಗಟ್ಟಲೆ. ಆಮೇಲೆ ಊರಿನಲ್ಲಿ ಬಾಲವಿಲ್ಲದ ಇಲಿಗಳು ಓಡಾಡುವುದು ಕಂಡಿತು. ಬಾಲ ಕತ್ತರಿಸಿ ಬಿಟ್ಟರೆ ಇಲಿ ಮತ್ತೆ ಮರಿ ಹಾಕುತ್ತದೆ, ಮತ್ತೆ ಬಾಲ ಸಿಗುತ್ತದೆ. ಊರಾಚೆ ಇಲಿ ಸಾಕುತ್ತಿದ್ದದ್ದೂ ಪತ್ತೆಯಾಯಿತು. ಇತಿಹಾಸಕಾರ ಮೈಕೆಲ್ ವಾನ್ ಆ ಕಾಲದ ಫ್ರೆಂಚ್ ದಾಖಲೆಗಳಿಂದ ಇದನ್ನು ಹೊರತೆಗೆದು ಬರೆದರು. ಆ ಚರಂಡಿಗಳನ್ನು ಕಟ್ಟಿಸಿದ ಗವರ್ನರ್ ಜನರಲ್ ಪಾಲ್ ಡೂಮೇರ್ ಮುಂದೆ ಫ್ರಾನ್ಸಿನ ಅಧ್ಯಕ್ಷನಾಗಿ 1932ರಲ್ಲಿ ಗುಂಡೇಟಿಗೆ ಬಲಿಯಾದ. ಇದಕ್ಕೂ ಇಲಿಗೂ ಸಂಬಂಧವಿಲ್ಲ, ನೆನಪಾಯಿತು, ಹೇಳಿದೆ.

ದಿಲ್ಲಿಗೆ ಹಾವಿನ ಕಥೆಯನ್ನು ಕಡ ತರುವ ಅಗತ್ಯವೇ ಇರಲಿಲ್ಲ ಎಂಬುದು ಇದರಲ್ಲಿರುವ ತಮಾಷೆ. ಸರ್ಕಾರ ಬೆಲೆ ಕಟ್ಟಿದ ವಸ್ತುವನ್ನು ಜನ ಮನೆಯಲ್ಲೇ ತಯಾರಿಸಿದ ಪ್ರಕರಣ ಈ ಊರಿನದೇ ಇದೆ, ಆರು ನೂರೆಂಬತ್ತು ವರ್ಷಕ್ಕಿಂತ ಹಳೆಯದು. ಕನ್ನಡಿಗರಿಗೆ ಅದರ ನಾಯಕ ಚೆನ್ನಾಗಿಯೇ ಪರಿಚಿತ. ಯಾವ ಮುಖ್ಯಮಂತ್ರಿಯ ಮೇಲೆ ಸಿಟ್ಟು ಬಂದರೂ ನಮ್ಮ ವಿರೋಧ ಪಕ್ಷದವರ ಬಾಯಿಗೆ ಮೊದಲು ಬರುವ ಹೆಸರು ಅವನದು: ಮಹಮ್ಮದ್ ಬಿನ್ ತುಘಲಕ್.

1330ರ ಸುಮಾರಿಗೆ ಆತ ಹಿತ್ತಾಳೆ, ತಾಮ್ರದ ನಾಣ್ಯ ಹೊರಡಿಸಿ, ಇದನ್ನು ಬೆಳ್ಳಿಯ ಟಂಕಕ್ಕೆ ಸಮವೆಂದೇ ತಿಳಿಯಿರಿ ಎಂದ. ಯೋಚನೆ ಹುಚ್ಚಿನದ್ದಲ್ಲ. ಚೀನಾದಲ್ಲಿ ಕುಬ್ಲಾಯಿ ಖಾನನ ಕಾಲಕ್ಕೂ ಮೊದಲಿನಿಂದ ಕಾಗದದ ಹಣ ನಡೆಯುತ್ತಿತ್ತು. ಇರಾನಿನ ಮಂಗೋಲ್ ದೊರೆ ಗೈಖಾತು 1294ರಲ್ಲಿ ಅದೇ ಪ್ರಯೋಗ ಮಾಡಿ ತಬ್ರೀಜ್‌ನ ಪೇಟೆ ಬಾಗಿಲು ಹಾಕಿದ ಮೇಲೆ ಕೈಬಿಟ್ಟಿದ್ದ. ತುಘಲಕನ ನಾಣ್ಯದಲ್ಲಿದ್ದ ದೋಷ ಬಹಳ ಸರಳವಾದದ್ದು. ಹಿತ್ತಾಳೆ ಎಲ್ಲರ ಅಡುಗೆಮನೆಯಲ್ಲೂ ಇತ್ತು, ಅಚ್ಚು ಕೊರೆಯಬಲ್ಲ ಅಕ್ಕಸಾಲಿ ಎಲ್ಲ ಓಣಿಯಲ್ಲೂ ಇದ್ದ. ಹಿಂದೂಗಳ ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆಯುತ್ತಾನೆ. ಜನ ಕಂದಾಯ ಕಟ್ಟಿದ್ದು ಹಿತ್ತಾಳೆಯಲ್ಲಿ, ಕೂಡಿಟ್ಟುಕೊಂಡದ್ದು ಬೆಳ್ಳಿಯಲ್ಲಿ. ಎರಡು ಮೂರು ವರ್ಷಕ್ಕೆ ಸುಲ್ತಾನ ಸೋತ. ಹಿತ್ತಾಳೆ ತಂದವರಿಗೆ ಖಜಾನೆಯಿಂದ ಬೆಳ್ಳಿ ಬಂಗಾರ ಕೊಡಿಸಿದ. ತುಘಲಕಾಬಾದಿನಲ್ಲಿ ಆ ಹಿತ್ತಾಳೆ ನಾಣ್ಯ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತಂತೆ.

ಬರನಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಹದಿನೇಳು ವರ್ಷ ಸುಲ್ತಾನನ ಪಕ್ಕದಲ್ಲಿದ್ದು, ಅವನು ಸತ್ತ ಮೇಲೆ ಆಸ್ಥಾನದಿಂದ ಹೊರಬಿದ್ದು, ಮುಪ್ಪಿನ ಬಡತನದಲ್ಲಿ ಕೂತು 1357ರಲ್ಲಿ ಮುಗಿಸಿದ ಪುಸ್ತಕ ಅವನದು. ಹಿಂದೂಗಳ ಮೇಲಿನ ಅವನ ಅಸಹನೆ ಪುಟಪುಟದಲ್ಲಿ ಕಾಣುತ್ತದೆ. 'ಮನೆಮನೆ' ಎನ್ನುವುದು ಲೆಕ್ಕವಲ್ಲ, ಬೈಗುಳ. ಆದರೂ ಅವನ ಮಾತಿಗೆ ಒಂದು ಆಧಾರವಿದೆ: ಆ ನಾಣ್ಯಗಳು ಇಂದಿಗೂ ಸಿಗುತ್ತವೆ, ಹಿಜರಿ ವರ್ಷ ಕೊರೆದದ್ದೂ ಓದಲು ಸಿಗುತ್ತದೆ. ಹಾವಿನ ಕಥೆಗೆ ಇಲ್ಲದ್ದು ಇದೇ, ಕೈಗೆ ಸಿಗುವ ಒಂದು ಲೋಹದ ತುಂಡು.

ಅದೇ ಸುಲ್ತಾನನ ಇನ್ನೊಂದು ಕಥೆ ಇದಕ್ಕಿಂತ ಪ್ರಸಿದ್ಧ. ರಾಜಧಾನಿಯನ್ನು ದೇವಗಿರಿಗೆ, ಅಂದರೆ ದೌಲತಾಬಾದಿಗೆ, ಸಾಗಿಸಿದಾಗ ದಿಲ್ಲಿಯಲ್ಲಿ ನರಪಿಳ್ಳೆಯೂ ಉಳಿಯಬಾರದೆಂದು ಹುಕುಂ ಆಯಿತು. ಹುಡುಕಿದರೆ ಒಬ್ಬ ಹೆಳವ, ಒಬ್ಬ ಕುರುಡ ಸಿಕ್ಕರು. ಹೆಳವನನ್ನು ಕವಣೆಯಂತ್ರದಲ್ಲಿಟ್ಟು ಎಸೆದರು. ಕುರುಡನನ್ನು ದೌಲತಾಬಾದಿನವರೆಗೂ ಎಳೆದೊಯ್ದರು. ದಾರಿಯಲ್ಲಿ ಚೂರುಚೂರಾಗಿ ಕೊನೆಗೆ ತಲುಪಿದ್ದು ಅವನ ಒಂದು ಕಾಲು. ಇದನ್ನು ಬರೆದವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. ಸ್ಥಳಾಂತರ ಶುರುವಾದದ್ದು 1327ರಲ್ಲಿ, ಅವನು ದಿಲ್ಲಿಗೆ ಬಂದದ್ದು 1334ರಲ್ಲಿ. ಏಳು ವರ್ಷದ ಹಿಂದಿನ ಸುದ್ದಿಗೆ ಅಷ್ಟರಲ್ಲಿ ಕೈ ಬಂದಿತ್ತು, ಕಾಲು ಬಂದಿತ್ತು. ದಿಲ್ಲಿಯ ನಾರಾಯಣಾ ಮತ್ತು ಸರ್ಬನ್ ಎಂಬ ಹಳ್ಳಿಗಳಲ್ಲಿ ಸಿಕ್ಕ ಎರಡು ಸಂಸ್ಕೃತ ಶಾಸನಗಳು ಬೇರೆಯೇ ಚಿತ್ರ ಕೊಡುತ್ತವೆ. ಅವು 1327 ಮತ್ತು 1328ರವು. ಎಂದರೆ ದಿಲ್ಲಿ ಸ್ಮಶಾನವಾಯಿತು ಎನ್ನುವ ಹೊತ್ತಿಗೇ ಅಲ್ಲಿನ ವ್ಯಾಪಾರಿ ಮನೆತನಗಳು ಬಾವಿ ತೋಡಿಸಿ, ಕಲ್ಲು ನಿಲ್ಲಿಸಿ, ಹರಿಯಾನ ದೇಶವನ್ನೂ ಢಿಲ್ಲಿಕಾ ನಗರವನ್ನೂ ಹೊಗಳಿ ಬರೆಸಿಕೊಂಡು ಸುಖವಾಗಿದ್ದವು. ಹೋದವರು ಅಧಿಕಾರಿಗಳು, ಉಲೇಮಾಗಳು, ಆಸ್ಥಾನದ ಆಸುಪಾಸಿನ ದೊಡ್ಡ ಜನ. ಎಲ್ಲರೂ ಅಲ್ಲ.

ಗಿರೀಶ ಕಾರ್ನಾಡರು 1964ರಲ್ಲಿ 'ತುಘಲಕ್' ಬರೆದಾಗ ಈ ಕಥೆಗಳನ್ನೆಲ್ಲ ಓದಿಕೊಂಡಿದ್ದರು; ಬರನಿಯನ್ನಂತೂ ಪಾತ್ರವಾಗಿಯೇ ತಂದರು. ಬಿ.ವಿ. ಕಾರಂತರು ಅದನ್ನು ಹಿಂದುಸ್ತಾನಿಗೆ ತಂದರು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ದಿಲ್ಲಿಯ ಹಳೇ ಕೋಟೆಯ ಬಯಲಲ್ಲಿ ಮನೋಹರ್ ಸಿಂಗ್ ಅವರನ್ನು ಸುಲ್ತಾನನಾಗಿ ನಿಲ್ಲಿಸಿದರು. ದಿಲ್ಲಿಯವರ ಸುಲ್ತಾನ ಕನ್ನಡದಿಂದ ಹೊರಟು ದಿಲ್ಲಿಗೆ ವಾಪಸಾದ. ಆ ಕೋಟೆ ಹುಮಾಯೂನ್, ಶೇರ್ ಶಾಹರದು, ತುಘಲಕನಿಗಿಂತ ಇನ್ನೂರು ವರ್ಷ ಚಿಕ್ಕದು. ಪ್ರೇಕ್ಷಕರಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಹಳೆಯ ಕಾಲದವರು ಹೀಗೆ ಎಂದು ನಗುವ ಹಾಗಿಲ್ಲ. 2001ರ ಮೇ ತಿಂಗಳಲ್ಲಿ ದೇಶದ ರಾಜಧಾನಿ ಒಂದು ಮಂಗನಿಗೆ ಹೆದರಿ ನಿದ್ದೆಗೆಟ್ಟಿತ್ತು. ಮೊದಲ ಸುದ್ದಿ ಬಂದದ್ದು ಗಾಜಿಯಾಬಾದಿನ ಕಡೆಯಿಂದ. ರಾತ್ರಿ ಹೊತ್ತು ಏನೋ ಒಂದು ಬಂದು ಪರಚಿ ಹೋಗುತ್ತದೆ ಎಂದು. ಕೆಲವೇ ದಿನದಲ್ಲಿ ಅದು ಯಮುನೆಯಾಚೆಯ ಪೂರ್ವ ದಿಲ್ಲಿಗೆ ಬಂತು, ನೋಯ್ಡಾಕ್ಕೂ ಹೋಯಿತು. 'ಕಾಲಾ ಬಂದರ್' ಎಂದು ಹೆಸರಾಯಿತು. ನೋಡಿದೆವೆಂದವರ ವರ್ಣನೆಯೂ ದಿನದಿನಕ್ಕೆ ಬೆಳೆಯಿತು. ನಾಲ್ಕಡಿ ಎತ್ತರ, ಮೈತುಂಬ ಕಪ್ಪು ಕೂದಲು ಎಂಬಲ್ಲಿಂದ ಹೊರಟು ಹೆಲ್ಮೆಟ್, ಕೆಂಪಗೆ ಉರಿಯುವ ಕಣ್ಣು, ಲೋಹದ ಉಗುರು, ಕಾಲಿಗೆ ಸ್ಪ್ರಿಂಗ್‌ವರೆಗೆ. ಒತ್ತಿದರೆ ಮಾಯವಾಗುವ ಒಂದು ಗುಂಡಿ ಬೇರೆ.

ಪೊಲೀಸರಿಗೆ ನೂರಾರು ಕರೆ ಬಂದವು. ಅವರು ರೇಖಾಚಿತ್ರ ಬಿಡಿಸಿ ಹಂಚಿದರು, ಹಿಡಿದುಕೊಟ್ಟವರಿಗೆ 50,000 ರೂಪಾಯಿ ಎಂದು ಘೋಷಿಸಿದರು. ನಾಲ್ಕಡಿಯ ಒಬ್ಬ ಸಾಧು ಜನರ ಕೈಯಲ್ಲಿ ಸಿಕ್ಕಿ ಪೆಟ್ಟು ತಿಂದ. ಬಂತು ಬಂತು ಎಂಬ ಕೂಗಿಗೆ ಗಾಬರಿಯಾಗಿ ಮಾಳಿಗೆಯಿಂದ, ಮೆಟ್ಟಿಲಿಂದ ಬಿದ್ದು ಕೆಲವರು ಸತ್ತೇ ಹೋದರು; ಅವರಲ್ಲಿ ಒಬ್ಬಾಕೆ ಗರ್ಭಿಣಿ. ಕೊನೆಗೆ ವೈದ್ಯರನ್ನೂ ವಿಧಿವಿಜ್ಞಾನದವರನ್ನೂ ಕೂರಿಸಿ ವಿಚಾರಿಸಿದಾಗ ಸಿಕ್ಕಿದ್ದು ಇಷ್ಟು: ಅಂಥ ಪ್ರಾಣಿಯೂ ಇಲ್ಲ, ಮನುಷ್ಯನೂ ಇಲ್ಲ. ಗಾಯಗಳಲ್ಲಿ ಕೆಲವು ಇಲಿ ಕಚ್ಚಿದ್ದು, ಕೆಲವು ಕತ್ತಲಲ್ಲಿ ಎದ್ದುಬಿದ್ದು ಮಾಡಿಕೊಂಡದ್ದು, ಕೆಲವು ತಮ್ಮದೇ ಉಗುರಿನದು.

ಇದು ಯಾಕೆ ಪೂರ್ವ ದಿಲ್ಲಿಯಲ್ಲೇ ಆಯಿತು, ಯಾಕೆ ಮೇ ತಿಂಗಳಲ್ಲೇ ಆಯಿತು ಎಂದು ನೋಡಿದರೆ ಮಂಗ ಮಾಯವಾಗಿ ಊರು ಕಾಣಿಸುತ್ತದೆ. ಮೇ ತಿಂಗಳ ದಿಲ್ಲಿಯಲ್ಲಿ ರಾತ್ರಿಯೂ ಗೋಡೆ ಬಿಸಿ ಉಗುಳುತ್ತದೆ. ಆಗ ಕರೆಂಟೂ ಹೋಗುತ್ತಿತ್ತು. ಇಕ್ಕಟ್ಟಾದ ಬಡಾವಣೆಗಳಲ್ಲಿ ಜನ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಒಬ್ಬ ಕನವರಿಸಿ ಕೂಗಿದರೆ ಹತ್ತು ಮಾಳಿಗೆ ಏಳುತ್ತಿತ್ತು. ಕರೆಂಟು ಹೋಗದ ದಕ್ಷಿಣ ದಿಲ್ಲಿಯ ಬಂಗಲೆಗಳ ಕಡೆ ಕಾಲಾ ಬಂದರ್ ಹೆಚ್ಚಾಗಿ ತಲೆ ಹಾಕಲಿಲ್ಲ. ಇನ್ನೊಂದು ಸಂಗತಿಯನ್ನೂ ಸೇರಿಸಬೇಕು: ಇಪ್ಪತ್ತನಾಲ್ಕು ಗಂಟೆಯ ಹಿಂದಿ ಸುದ್ದಿವಾಹಿನಿ 'ಆಜ್ ತಕ್' ಶುರುವಾದದ್ದು 2000ದ ಡಿಸೆಂಬರ್ 31ಕ್ಕೆ. ದಿನಪೂರ್ತಿ ತುಂಬಬೇಕಾದ ಹೊತ್ತು ಆಗತಾನೇ ಹುಟ್ಟಿತ್ತು. ರಾಕೇಶ್ ಓಂಪ್ರಕಾಶ್ ಮೆಹ್ರಾ 2009ರಲ್ಲಿ ತಮ್ಮ 'ದಿಲ್ಲಿ-6' ಸಿನಿಮಾಕ್ಕೆ ಇದೇ ಕಪ್ಪು ಮಂಗನನ್ನು ಕರೆತಂದರು.

ಬೆಂಗಳೂರಿನವರು ಇದನ್ನು ಓದಿ ನಕ್ಕರೆ 'ನಾಳೆ ಬಾ'ದ ನೆನಪು ಮಾಡಬೇಕಾಗುತ್ತದೆ. 1990ರ ದಶಕದಲ್ಲಿ ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವಕ್ಕೆ ಹೆದರಿ ಬೀದಿಬೀದಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ 'ನಾಳೆ ಬಾ' ಎಂದು ಬರೆದುಕೊಂಡದ್ದು ನಮ್ಮ ಊರು. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಕನ್ನಡ ಓದಬಲ್ಲ, ಬರೆದದ್ದನ್ನು ಪಾಲಿಸಬಲ್ಲ ಇಷ್ಟು ಶಿಸ್ತಿನ ಅತಿಥಿ ಬೆಂಗಳೂರಿಗೆ ಆಮೇಲೆ ಬಂದ ಹಾಗಿಲ್ಲ. 2018ರ ಹಿಂದಿ ಸಿನಿಮಾ 'ಸ್ತ್ರೀ' ಹುಟ್ಟಿದ್ದು ಈ ಬರಹದಿಂದಲೇ. ಬಾಗಿಲು ಮಾತ್ರ ಮಧ್ಯಪ್ರದೇಶದ ಚಂದೇರಿಯದ್ದು. 2017ರ ಮಳೆಗಾಲದಲ್ಲಿ ಹರಿಯಾಣ, ದಿಲ್ಲಿಯ ಸುತ್ತ ಹೆಂಗಸರ ಜಡೆ ತಾನಾಗಿ ಕತ್ತರಿಸಿ ಬೀಳುತ್ತದೆಂಬ ಗುಲ್ಲು ಎದ್ದಿತು. ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಆಗ್ರಾದ ಹತ್ತಿರ ಒಬ್ಬ ಮುದುಕಿಯನ್ನು ಜಡೆ ಕತ್ತರಿಸಲು ಬಂದವಳೆಂದು ಜನ ಹೊಡೆದು ಕೊಂದರು.

ಇಲ್ಲದ ಮಂಗನ ಮಾತು ಸಾಕು. ಇರುವ ಮಂಗಗಳ ವಿಷಯಕ್ಕೆ ಬಂದರೆ ದಿಲ್ಲಿಯ ನಿಜ ಯಾವ ಗುಲ್ಲನ್ನೂ ಮೀರಿಸುತ್ತದೆ.

2014ರ ಜುಲೈ 31ರಂದು ರಾಜ್ಯಸಭೆಯಲ್ಲಿ ಒಂದು ಲಿಖಿತ ಉತ್ತರ ಮಂಡನೆಯಾಯಿತು. ಕೊಟ್ಟವರು ನಗರಾಭಿವೃದ್ಧಿ ಸಚಿವ ಎಂ. ವೆಂಕಯ್ಯ ನಾಯ್ಡು, ಆ ಸಭೆಯಲ್ಲಿ ಆಗ ನಮ್ಮ ಕರ್ನಾಟಕದ ಸದಸ್ಯರು. ಸಂಸತ್ತಿನ ಸುತ್ತಮುತ್ತ ಮಂಗಗಳನ್ನು ಓಡಿಸಲು ಹೊಸದಿಲ್ಲಿ ನಗರಪಾಲಿಕೆ 40 ಮಂದಿ ತರಬೇತಾದ ಯುವಕರನ್ನು ನೇಮಿಸಿಕೊಂಡಿದೆ, ಅವರು ಲಂಗೂರ್‌ಗಳಂತೆ ವೇಷ ಮರೆಸಿಕೊಂಡು ಹೆದರಿಸುತ್ತಾರೆ ಎಂಬುದು ಅದರ ಸಾರ. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಕಪ್ಪು ಮುಖವಾಡ, ಉದ್ದ ಬಾಲ ಕಟ್ಟಿಕೊಂಡ ಸರ್ಕಾರಿ ನೌಕರರನ್ನು ಜನ ಕಲ್ಪಿಸಿಕೊಂಡರು. ಪಾಲಿಕೆಯವರು ಮುಂದೆ ಬಂದು ಹೇಳಬೇಕಾಯಿತು: ವೇಷ ಗೀಷ ಏನೂ ಇಲ್ಲ ಸ್ವಾಮಿ, ಅವರು ಲಂಗೂರ್‌ನ ದನಿ ಮಾಡುತ್ತಾರೆ, ಅಷ್ಟೇ.

ಅದಕ್ಕೂ ಹಿಂದೆ ದನಿಯಲ್ಲ, ಲಂಗೂರ್‌ಗಳೇ ಇದ್ದವು. ನಮ್ಮ ಮಲೆನಾಡಿನವರು ಮುಸಿಯ ಎನ್ನುವ, ಕಪ್ಪು ಮುಖದ ಉದ್ದ ಬಾಲದ ಪ್ರಾಣಿ ಅದು. ದಿಲ್ಲಿಯ ಕೆಂಪು ಮೂತಿಯ ರೀಸಸ್ ಮಂಗಕ್ಕಿಂತ ಆಳ್ತನದಲ್ಲಿ ದೊಡ್ಡದು. ಲಂಗೂರ್‌ವಾಲಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಅದನ್ನು ಕೂರಿಸಿಕೊಂಡು ಬಂದು, ಸರ್ಕಾರಿ ಕಚೇರಿಯ ಆವರಣದಲ್ಲಿ ಹಗ್ಗ ಹಿಡಿದು ಸುತ್ತಾಡಿಸಿ ತಿಂಗಳ ಸಂಬಳ ಎಣಿಸುತ್ತಿದ್ದ. ಲಂಗೂರ್ ಕೂಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದನ್ನು ಕಟ್ಟಿಹಾಕಿ ದುಡಿಸುವುದು ಅಪರಾಧ ಎಂದು 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನೆನಪಿಸಿತು. ಲಂಗೂರ್‌ಗಳ ಕೆಲಸ ಹೋಯಿತು. ಅವುಗಳ ಯಜಮಾನರಲ್ಲಿ ಕೆಲವರು, ಇಷ್ಟು ವರ್ಷ ಪಕ್ಕದಲ್ಲಿದ್ದು ಕೇಳಿಸಿಕೊಂಡ ದನಿಯನ್ನು ತಾವೇ ಮಾಡಲು ನಿಂತರು. ಗಂಟಲಾಳದಿಂದ ಬರುವ ಕೆಮ್ಮಿನಂಥ ಗದರಿಕೆ ಅದು; ಮನುಷ್ಯನ ಬಾಯಿಂದ ಬಂತೆಂದು ಕಣ್ಣಾರೆ ಕಂಡರೂ ಒಂದು ಕ್ಷಣ ಮರ ನೋಡುವ ಹಾಗಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಜಿ20 ಶೃಂಗಸಭೆಗೆ ಲೋಕದ ದೊರೆಗಳೆಲ್ಲ ಬಂದಾಗ ಈ ದನಿಗಾರರ ಜತೆಗೆ ರಸ್ತೆ ಬದಿಯಲ್ಲಿ ಆಳೆತ್ತರದ ಲಂಗೂರ್ ಚಿತ್ರಫಲಕಗಳನ್ನೂ ನಿಲ್ಲಿಸಿದ್ದರು. ಹೊಲದ ಬೆರ್ಚಪ್ಪ ಸರ್ದಾರ್ ಪಟೇಲ್ ಮಾರ್ಗಕ್ಕೆ ಬಡ್ತಿ ಪಡೆದ ಹಾಗೆ.

ಇಷ್ಟಕ್ಕೂ ಈ ರಗಳೆ ತಮಾಷೆಯದ್ದಲ್ಲ. 2007ರ ಅಕ್ಟೋಬರಿನಲ್ಲಿ ದಿಲ್ಲಿಯ ಉಪಮೇಯರ್ ಎಸ್.ಎಸ್. ಬಾಜ್ವಾ ಮನೆಯ ಬಾಲ್ಕನಿಯಲ್ಲಿ ಮಂಗಗಳನ್ನು ಓಡಿಸಲು ಹೋಗಿ ಬಿದ್ದು ತೀರಿಕೊಂಡರು. ಮಂಗಗಳನ್ನು ಹಿಡಿದು ನಗರದ ದಕ್ಷಿಣದ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಬಿಡಿ ಎಂದು ಹೈಕೋರ್ಟು ಅದೇ ವರ್ಷ ಹೇಳಿತು. ಮೊದಲು ಕಲ್ಲು ಮಣ್ಣು ತೆಗೆಯುತ್ತಿದ್ದ ಗಣಿ ಜಾಗ ಅದು. ಸಾವಿರಾರು ಮಂಗ ಅಲ್ಲಿಗೆ ಹೋದವು, ಸರ್ಕಾರಿ ಖರ್ಚಿನಲ್ಲಿ ಹಣ್ಣು ತರಕಾರಿ ತಿಂದವು, ಗೋಡೆ ಹಾರಿ ಪಕ್ಕದ ಬಡಾವಣೆಗಳಿಗೂ ಬಂದವು. ಇತ್ತ ಮಂಗಳವಾರ, ಶನಿವಾರ ಬಂತೆಂದರೆ ಹನುಮಂತನ ಭಕ್ತರು ರಿಡ್ಜ್ ಎಂಬ ಕುರುಚಲು ಕಾಡಿನ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಗೊನೆಗೊನೆ ಬಾಳೆಹಣ್ಣು ಸುರಿಯುತ್ತಾರೆ. ವಾರಕ್ಕೆರಡು ದಿನ ಪೂಜೆ, ಉಳಿದ ದಿನ ದೂರು. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯಲ್ಲಿ ರೀಸಸ್ ಮಂಗದ ಹೆಸರು ಸಂರಕ್ಷಿತ ಪ್ರಾಣಿಗಳ ಪಟ್ಟಿಯಿಂದಲೇ ಹೋಯಿತು. ಮಂಗ ಅರಣ್ಯ ಇಲಾಖೆಯದೋ ಪಾಲಿಕೆಯದೋ ಎಂಬ ಜಗಳ ಮಾತ್ರ ಹೋಗಲಿಲ್ಲ.

ಈ ಮಂಗಗಳು ಇಷ್ಟೊಂದು ಇರುವುದಕ್ಕೆ ಒಂದು ಹಿನ್ನೆಲೆಯೂ ಇದೆ. 1950ರ ದಶಕದಲ್ಲಿ ಪೋಲಿಯೊ ಲಸಿಕೆ ಬಂದಾಗ ಅದನ್ನು ಬೆಳೆಸಲು ಬೇಕಾದದ್ದು ಮಂಗನ ಮೂತ್ರಪಿಂಡದ ಜೀವಕೋಶ. ಉತ್ತರ ಭಾರತದ ಊರು, ಗುಡಿ, ರೈಲು ನಿಲ್ದಾಣಗಳಲ್ಲಿ ಹಿಡಿದ ರೀಸಸ್ ಮಂಗಗಳು ಆ ದಶಕದ ಕೊನೆಯಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೇಲೆ ಹಡಗು, ವಿಮಾನ ಹತ್ತಿದವು. ಹಳ್ಳಿ ಹಳ್ಳಿಯಲ್ಲಿ ಮಂಗ ಕಡಿಮೆಯಾದದ್ದನ್ನು ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲೀಗಢ ವಿಶ್ವವಿದ್ಯಾಲಯದ ರಫೀಕ್ ಸಿದ್ದಿಕಿ ದಶಕಗಳ ಕಾಲ ಎಣಿಸಿ ತೋರಿಸಿದರು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ರಫ್ತು ನಿಲ್ಲಿಸಿತು, ಸಂತತಿ ಮತ್ತೆ ಏರಿತು. ಇವತ್ತು ಮಂಗನ ಕಾಟವೆಂದು ಗೊಣಗುವ ಅಜ್ಜಂದಿರಲ್ಲಿ ಎಷ್ಟೋ ಜನರ ಮೊಮ್ಮಕ್ಕಳ ಕಾಲು ನೆಟ್ಟಗಿರುವುದರಲ್ಲಿ ಆ ಮಂಗಗಳ ಪಾಲೂ ಇದೆ. ರಕ್ತದ ಗುಂಪಿನ ಪಾಸಿಟಿವ್, ನೆಗೆಟಿವ್‌ಗೆ ಮುಂದೆ ಬರುವ 'ಆರ್‌ಎಚ್' ಎಂಬುದೂ ಈ ರೀಸಸ್‌ನಿಂದಲೇ ಬಂದದ್ದು, 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಮಾಡಿದ ಪ್ರಯೋಗದಿಂದ. ಹಾಗೆಂದು ಪಾಸಿಟಿವ್‌ನವರಲ್ಲಿ ಮಂಗನ ರಕ್ತವಿದೆ ಎಂದು ಹೇಳುವವರನ್ನು ನಂಬಬೇಡಿ. ಅವರಿಬ್ಬರು ಮಂಗದ ರಕ್ತದಿಂದ ಪತ್ತೆ ಹಚ್ಚಿದ ಅಂಶವೂ ಮನುಷ್ಯನ ಆರ್‌ಎಚ್ ಅಂಶವೂ ಬೇರೆ ಬೇರೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ಮತ್ತೆ ದನಿಗಾರರ ವಿಷಯಕ್ಕೆ ಬರೋಣ. ಲಂಗೂರ್‌ನ ದನಿ ಮಾಡಿದರೆ ಮಂಗ ನಿಜವಾಗಿ ಹೆದರುತ್ತದೆಯೆ? ಪ್ರಾಣಿಗಳು ಪರಜಾತಿಯ ಎಚ್ಚರಿಕೆಯ ಕೂಗನ್ನು ಅರ್ಥ ಮಾಡಿಕೊಳ್ಳುವುದು ನಿಜ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಕಾಡುಗಳಲ್ಲಿ ನಮ್ಮ ಮಾಮೂಲಿ ಕೋತಿಗಳಿಗೆ ಲಂಗೂರ್, ಕಡವೆಗಳ ಕೂಗನ್ನು ಧ್ವನಿಮುದ್ರಿಸಿ ಕೇಳಿಸಿದರು. ಚಿರತೆ ಬಂತೆಂದು ಅವು ಓಡಿದವು. ಚಿರತೆಯ ಬೊಂಬೆ ಇಟ್ಟು ನೋಡಿದಾಗ ಕಪ್ಪು ಚಿರತೆಗಿಂತ ಚುಕ್ಕೆ ಚಿರತೆಗೆ ಹೆಚ್ಚು ಬೆದರಿದವು. ದಿಲ್ಲಿಯ ಲೆಕ್ಕಾಚಾರ ಸ್ವಲ್ಪ ಬೇರೆ. ಉತ್ತರ ಭಾರತದ ಎಷ್ಟೋ ಕಡೆ ರೀಸಸ್ ಮತ್ತು ಲಂಗೂರ್ ಒಂದೇ ಕಾಡಿನಲ್ಲಿ, ಕೆಲವೊಮ್ಮೆ ಒಂದೇ ಮರದಲ್ಲಿ ಜಗಳವಿಲ್ಲದೆ ಬದುಕುತ್ತವೆ. ಹುಟ್ಟಿನಿಂದ ಬಂದ ಹಗೆ ಏನೂ ಇಲ್ಲ. ದಿಲ್ಲಿಯ ಮಂಗ ಹೆದರಿದ್ದು ತನ್ನ ಮೇಲೆ ಛೂ ಬಿಟ್ಟ ಲಂಗೂರ್‌ಗೆ. ಹಾಗಾಗಿ ಬರೀ ದನಿ, ಬರೀ ಫಲಕ ಎಷ್ಟು ದಿನ ನಡೆದೀತು? ಹಿಂದೆಯೇ ಕಚ್ಚುವ ಬಾಯಿ ಬರದಿದ್ದರೆ ಯಾವ ಪ್ರಾಣಿಯಾದರೂ ಬಲುಬೇಗ ಬೆದರಿಕೆಯನ್ನು ಮರೆಯುತ್ತದೆ. ದನಿ ಮಾಡುವವನಿಗೆ ನಿತ್ಯ ಕೆಲಸವಿರುವುದೂ ಅದಕ್ಕೇ: ಇಲ್ಲಿ ಓಡಿದ ಮಂಗ ಅಲ್ಲಿ ಬರುತ್ತದೆ, ನಾಳೆ ಇಲ್ಲಿಗೇ ಬರುತ್ತದೆ.

ನಮ್ಮವರು ಹಿಂದೆ ಬಿದ್ದಿಲ್ಲ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ಕೃಷಿಕರೊಬ್ಬರು ಕಾಫಿ ತೋಟಕ್ಕೆ ಬರುವ ಮಂಗಗಳ ಕಾಟ ತಡೆಯಲಾರದೆ ಮನೆಯ ನಾಯಿಗೆ ಹುಲಿಯ ಪಟ್ಟೆ ಬಳಿದರು, ಕೂದಲಿಗೆ ಹಚ್ಚುವ ಬಣ್ಣದಲ್ಲಿ. ಭಟ್ಕಳದ ಕಡೆ ಒಬ್ಬರು ಹುಲಿಬೊಂಬೆ ನಿಲ್ಲಿಸಿದ್ದನ್ನು ನೋಡಿ, ತಮ್ಮಲ್ಲೂ ಬೊಂಬೆ ಇಟ್ಟು, ಮಂಗಗಳಿಗೆ ಅದು ಹಳತಾಗುವ ಮೊದಲು ಓಡಾಡುವ ಹುಲಿಯೇ ಬೇಕೆಂದು ಹೊಳೆದ ಉಪಾಯವದು. ಕಾಸ್ ಅವರ ಬೊಂಬೆ ಪ್ರಯೋಗ ಓದದೆಯೂ ಆ ರೈತರಿಗೆ ತಿಳಿದದ್ದು ಎರಡು: ಮೈಮೇಲಿನ ಗುರುತು ಮುಖ್ಯ, ಅಲುಗಾಡುವುದು ಇನ್ನೂ ಮುಖ್ಯ. ನಾಯಿಯ ಅಭಿಪ್ರಾಯವನ್ನು ಪತ್ರಿಕೆಯವರು ಕೇಳಲಿಲ್ಲ.

ದಿಲ್ಲಿಯ ಮಂಗ ದಿಲ್ಲಿಯಲ್ಲೇ ಇರಲಿ ಎಂದು ನಾವು ಸುಮ್ಮನಿರುವ ಹಾಗೂ ಇಲ್ಲ. ರೀಸಸ್ ಉತ್ತರದ್ದು, ತಲೆಯ ಮೇಲೆ ಬೈತಲೆ ತೆಗೆದ ಟೋಪಿಯಂಥ ಕೂದಲಿನ ನಮ್ಮ ಕೋತಿ ದಕ್ಷಿಣದ್ದು, ಗಡಿ ಗೋದಾವರಿ ಎಂದು ಹಳೆಯ ಪುಸ್ತಕಗಳಲ್ಲಿತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಿಂಧು ರಾಧಾಕೃಷ್ಣ, ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರೀಸಸ್ ಆ ಗೆರೆ ದಾಟಿ ದಕ್ಷಿಣಕ್ಕೆ ಸರಿಯುತ್ತಿದೆ, ಬಂದಲ್ಲಿ ನಮ್ಮ ಕೋತಿ ಜಾಗ ಖಾಲಿ ಮಾಡುತ್ತಿದೆ. ಊರಿನಲ್ಲಿ ಹಿಡಿದ ಮಂಗಗಳನ್ನು ದೂರ ಒಯ್ದು ಬಿಡುವ ಮನುಷ್ಯರ ಅಭ್ಯಾಸವೂ ಇದಕ್ಕೆ ಒಂದು ಕಾರಣ.

ಅದೇ ಸಿನ್ಹಾ ಅವರು ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಅವರ ಜತೆ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬಂಡೀಪುರದ್ದು. ದಿಲ್ಲಿಯಲ್ಲಿ ಮನುಷ್ಯರು ಮಂಗನ ದನಿ ಕಲಿತರೆ, ಬಂಡೀಪುರದ ರಸ್ತೆ ಬದಿಯ ಕೋತಿಗಳು ಮನುಷ್ಯರ ಹತ್ತಿರ ಮಾತಾಡುವುದನ್ನು ಕಲಿತಿವೆ. ತಿಂಡಿ ಹಿಡಿದವರ ಮುಂದೆ ಕೂತು 'ಕೂ' ಎಂದು ದನಿ ತೆಗೆಯುತ್ತವೆ, ಅಂಗೈ ಮುಂದೆ ಚಾಚುತ್ತವೆ, ಎದುರಿನವರು ತಮ್ಮನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ಗಮನಿಸುತ್ತವೆ, ಸಿಗುವ ತನಕ ಬಿಡುವುದಿಲ್ಲ. ಸುಮ್ಮನೆ ಆದ ಅಭ್ಯಾಸವಲ್ಲ, ಉದ್ದೇಶವಿಟ್ಟು ಮಾಡುವ ಸಂಜ್ಞೆ ಇದು ಎಂಬುದು ಆ ಸಂಶೋಧಕರ ವಾದ. ಬಂಡೀಪುರದಲ್ಲಿ ಗಾಡಿ ನಿಲ್ಲಿಸಿ ಪ್ರಾಣಿಗಳಿಗೆ ತಿಂಡಿ ಕೊಟ್ಟರೆ ಅರಣ್ಯ ಇಲಾಖೆ ದಂಡ ಹಾಕುತ್ತದೆ. ಕೈ ಚಾಚಿದ ಕೋತಿಗೆ ದಂಡವಿಲ್ಲ.